ನಾಲ್ಕು ಜಿಬಿ ಲ್ಯಾಪ್‌ಟಾಪನ್ನು ಮೂಲೆಗೆ ಹಾಕಬೇಡಿ

ಹುಬ್ಬಳ್ಳಿಯಲ್ಲಿ ನನ್ನ ಟೇಬಲ್ಲಿಗೆ ಬರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. "ಚಾಲೂ ಮಾಡಿ ಚಾ ಕುಡದು ಬಂದ್ರೂ ಇನ್ನೂ ತಿರಗಾಕತ್ತಿರ್ತೈತ್ರಿ ಸರ್" ಎನ್ನುವವರಿಗೆ ನಾನು ಮೊದಲು ಯಾವುದಕ್ಕೆ ಎಷ್ಟು ಹೊರೆ ಬಿದ್ದಿದೆ ಎಂದು ತಿಳಿಸುವ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸುತ್ತೇನೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು. ಸಿಪಿಯು ಆರಾಮಾಗಿರುತ್ತದೆ, ಮೆಮೊರಿ ಶೇಕಡಾ 90 ದಾಟಿರುತ್ತದೆ, ಡಿಸ್ಕ್ 100ಕ್ಕೆ ಅಂಟಿಕೊಂಡಿರುತ್ತದೆ.

ರೋಗ ಇರುವುದು ಇಲ್ಲೇ. ತೆರೆದ ಕೆಲಸಗಳನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿಯಾದ 4 ಜಿಬಿ ರ‍್ಯಾಮ್‌ನಲ್ಲಿ ಅರ್ಧದಷ್ಟನ್ನು ವಿಂಡೋಸೇ ನುಂಗುತ್ತದೆ. ಕ್ರೋಮ್‌ನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಉಳಿದದ್ದೂ ಖಾಲಿ. ಆಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನ ಪೇಜ್ ಫೈಲ್‌ಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ಗೆ ಒಂದೊಂದು ಚೂರು ಹುಡುಕಲು 10–15 ಮಿಲಿಸೆಕೆಂಡು ಬೇಕು. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನಲ್ಲೇ ದತ್ತಾಂಶ ಇಡುವ ಡಿಸ್ಕ್) ಅದೇ ಕೆಲಸವನ್ನು ಸುಮಾರು 0.1 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಹೀಗಾಗಿ ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಆಮೇಲೆ ನೋಡೋಣ.

ರ‍್ಯಾಮ್ ಖಾಲಿ ಮಾಡಿಕೊಡುತ್ತೇವೆ ಎನ್ನುವ ಕ್ಲೀನರ್‌ಗಳನ್ನು ದಯವಿಟ್ಟು ತೆಗೆದುಹಾಕಿ. ಅವು ಮೆಮೊರಿಯಲ್ಲಿದ್ದದ್ದನ್ನು ಬಲವಂತವಾಗಿ ಡಿಸ್ಕಿಗೆ ತಳ್ಳುತ್ತವೆ. ಮರುಕ್ಷಣ ಅದನ್ನೇ ಮತ್ತೆ ಓದಬೇಕಾಗುತ್ತದೆ. ಪೇಜ್ ಫೈಲ್ ಬಂದ್ ಮಾಡಿ ಎಂಬ ಸಲಹೆಯನ್ನೂ ಕೇಳಬೇಡಿ, ತೆರೆದ ಫೈಲ್ ಉಳಿಸುವ ಮೊದಲೇ ಪ್ರೋಗ್ರಾಮ್ ಮುಚ್ಚಿಹೋದೀತು. ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ (ಯಂತ್ರ ಚಾಲೂ ಆದಾಗ ತಾವೇ ತೆರೆದುಕೊಳ್ಳುವ ಪ್ರೋಗ್ರಾಮ್‌ಗಳು) ಬೇಡದ್ದನ್ನು ಡಿಸೇಬಲ್ ಮಾಡಿ. ಎರಡೆರಡು ಆಂಟಿವೈರಸ್ ಬೇಡ.

ರ‍್ಯಾಮ್ ಕೊಳ್ಳುವ ಮುಂಚೆ ಸಿಸ್ಟಮ್ ಪ್ರಾಪರ್ಟೀಸ್ ನೋಡಿ. 32 ಬಿಟ್ ವಿಂಡೋಸ್ ಇದ್ದರೆ 8 ಜಿಬಿ ಹಾಕಿಸಿದರೂ 4ರ ಮೇಲಿನದು ಬಳಕೆಗೆ ಬರುವುದಿಲ್ಲ. ರ‍್ಯಾಮ್‌ನಲ್ಲೂ ಬಗೆಗಳಿವೆ: ಡಿಡಿಆರ್3 ಸ್ಟಿಕ್ 1.5 ವೋಲ್ಟಿನದು, ಡಿಡಿಆರ್3ಎಲ್ 1.35ರದು. ನಿಮ್ಮ ಯಂತ್ರಕ್ಕೆ ಹೊಂದುವುದನ್ನೇ ತರಲು ಹಳೆಯ ಸ್ಟಿಕ್ ಬಿಚ್ಚಿ ಅಂಗಡಿಗೆ ಒಯ್ಯುವುದೇ ಒಳ್ಳೆಯದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ್ದರಿಂದ ಬಹಳಷ್ಟಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ. ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ವಿಂಡೋಸ್ ಬದಲು ಹಗುರವಾದ ಆಪರೇಟಿಂಗ್ ಸಿಸ್ಟಮ್, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಡುತ್ತೇನೆ. ಪಿಡಿಎಫ್ ಓದಲು, ಕ್ಲಾಸ್ ವಿಡಿಯೊ ನೋಡಲು ಅದು ಧಾರಾಳ ಸಾಕು.

ಗದಗದ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಮಾತ್ರ ಅದನ್ನು ಹೇಳಲಾರೆ. ವರ್ಷಗಟ್ಟಲೆ ನುಡಿಯ ಹಳೆಯ ಫಾಂಟ್‌ಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಕೂರಿಸಿದ ಲಗ್ನಪತ್ರಿಕೆ, ರಸೀದಿ ಪುಸ್ತಕಗಳೇ ಅವರ ಬಂಡವಾಳ. ಲಿನಕ್ಸ್‌ನಲ್ಲಿ ಅವು ತೆರೆಯದಿದ್ದರೆ ಧಂದೆಯೇ ನಿಂತಂತೆ. ಅವರ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಉಳಿಸಿ, ಇಂಟರ್‌ನೆಟ್ ಭದ್ರತೆಗೆಂದು ಕಡಿದುಬಿಡುತ್ತೇನೆ. ಬಿಚ್ಚಿದ ಹಾರ್ಡ್‌ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿ, ಬ್ಯಾಕಪ್‌ಗೆಂದು ಅವರ ಕೈಗೇ ಕೊಡುತ್ತೇನೆ.