ಆ ಕಪ್ಪಿನೊಳಗೂ ಬೆಳ್ಳಿಯೇ ಇದೆ

ನಮ್ಮ ದೊಡ್ಡಮ್ಮನ ಕಾಲುಂಗುರ ಬೇಸಿಗೆ ಬಂತೆಂದರೆ ಕಪ್ಪಾಗುತ್ತದೆ. "ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ ಕಣೋ, ಬೆಳ್ಳಿ ಎಳ್ಕೊಂಡಿದೆ" ಅನ್ನುತ್ತಾರೆ. ಪಕ್ಕದ ಮನೆಯವರ ಪ್ರಕಾರ ಅದು ದೃಷ್ಟಿ. ಮೊಬೈಲಿಗೆ ಬಂದು ಬೀಳುವ ಸಂದೇಶಗಳದ್ದು ಬೇರೆಯೇ ಕತೆ: ಕಾಲಿನ ಎರಡನೇ ಬೆರಳಿನಿಂದ ಗರ್ಭಕೋಶಕ್ಕೆ ನೇರವಾಗಿ ನರವೊಂದು ಹೋಗಿದೆಯಂತೆ, ಬೆಳ್ಳಿ ಭೂಮಿಯ ಶಕ್ತಿ ಹೀರಿ ಅಲ್ಲಿಗೆ ಕಳಿಸುತ್ತದಂತೆ. ಅಂಥ ನರ ಇಲ್ಲ. ಕಾಲುಂಗುರ ತೊಡುವುದಕ್ಕೆ ಸಂಪ್ರದಾಯ ಇದೆ, ಚೆಂದ ಇದೆ, ಮಮತೆ ಇದೆ. ಸುಳ್ಳು ವಿಜ್ಞಾನದ ಊರುಗೋಲು ಅದಕ್ಕೆ ಬೇಕಿಲ್ಲ. ಆದರೆ ನನಗೆ ಹೆಚ್ಚು ಸಂಕಟವಾಗುವುದು ಇನ್ನೊಂದಕ್ಕೆ. ಕಪ್ಪಾಯಿತೆಂದು ದೊಡ್ಡಮ್ಮ ಹಲ್ಲುಪುಡಿ, ಹಳೇ ಬ್ರಷ್ಷು ಹಿಡಿದು ಬಚ್ಚಲಲ್ಲಿ ಕೂರುತ್ತಾರಲ್ಲ, ಆಗ ಅವರು ಕೊಳೆ ಅಂದುಕೊಂಡು ತಿಕ್ಕಿ ತೆಗೆಯುತ್ತಿರುವುದು ಬೆಳ್ಳಿಯನ್ನು.

ಆ ಕಪ್ಪು ಬೆಳ್ಳಿಯ ಸಲ್ಫೈಡು. ಎರಡು ಬೆಳ್ಳಿ ಪರಮಾಣುಗಳ ನಡುವೆ ಒಂದು ಗಂಧಕ. ತೂಕದ ಲೆಕ್ಕದಲ್ಲಿ 100 ಗ್ರಾಂ ಕಪ್ಪಿನಲ್ಲಿ 87 ಗ್ರಾಂ ಬೆಳ್ಳಿಯೇ! ಪದರ ತೀರಾ ತೆಳುವಾಗಿದ್ದಾಗ ಹಳದಿಯಾಗಿ ಕಾಣುತ್ತದೆ, ದಪ್ಪವಾದಂತೆ ಕಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ಮಳೆನೀರಿನ ಮೇಲೆ ಬಿದ್ದ ಪೆಟ್ರೋಲ್ ಹನಿ ಬಣ್ಣ ಬಣ್ಣವಾಗಿ ಹರಡುತ್ತದಲ್ಲ, ಆ ಬೆಳಕಿನಾಟವೇ ಇಲ್ಲೂ ನಡೆಯುವುದು.

ನೀರಿನ ಮೇಲೆ ಅಪವಾದ ಹೊರಿಸುವವರೇ ಹೆಚ್ಚು. ಶುದ್ಧ ನೀರು ಬೆಳ್ಳಿಯ ತಂಟೆಗೆ ಹೋಗುವುದಿಲ್ಲ. ನೀರು ಹೊತ್ತು ತರುವ ಗಂಧಕ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಬೋರ್‌ವೆಲ್ ನೀರಿನಲ್ಲಿ ಅದಿದೆ, ಬಚ್ಚಲ ಮೋರಿಯ ಗಾಳಿಯಲ್ಲಿದೆ, ಮೊಟ್ಟೆ ಈರುಳ್ಳಿಗಳಲ್ಲಿದೆ, ತಲೆಹೊಟ್ಟಿನ ಕೆಲವು ಶಾಂಪೂಗಳಲ್ಲಿದೆ. ರಬ್ಬರನ್ನು ಗಟ್ಟಿಗೊಳಿಸಲು ಗಂಧಕ ಬೆರೆಸುತ್ತಾರೆ, ಹಾಗಾಗಿ ರಬ್ಬರ್ ಚಪ್ಪಲಿಯೂ ಕಾಲುಂಗುರಕ್ಕೆ ಒಳ್ಳೆಯ ನೆರೆಯಲ್ಲ. ಪುತ್ತೂರು ಕಡೆಯ ಬೆಂದ್ರ್ ತೀರ್ಥದ ಗಂಧಕದ ಬಿಸಿನೀರಿನಲ್ಲಿ ಕಾಲಿಳಿಬಿಡುವವರು ಇದನ್ನು ನೆನಪಿಡಬೇಕು. ಬೆವರಿನ ತೇವ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಬೇಸಿಗೆಯಲ್ಲಿ, ಜ್ವರದಲ್ಲಿ ಬೆವರು ಹೆಚ್ಚು. ಅಂದರೆ ದೊಡ್ಡಮ್ಮ ಕಣ್ಣಾರೆ ಕಂಡದ್ದು ನಿಜ. ಅದಕ್ಕೆ ಕಟ್ಟಿದ ಕಾರಣ ಮಾತ್ರ ತಪ್ಪು.

ಈಗ ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ತಿಕ್ಕದೆ, ಕೆರೆಯದೆ, ಆ 87 ಗ್ರಾಮನ್ನು ಮರಳಿ ಬೆಳ್ಳಿಯಾಗಿಸಬಹುದು. ಬೇಕಾದದ್ದು ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್, ಒಂದು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಬಿಸಿನೀರು.

ಗಂಧಕದ ಜೊತೆ ಸೇರುವಾಗ ಬೆಳ್ಳಿ ತನ್ನ ಎಲೆಕ್ಟ್ರಾನನ್ನು ಕಳೆದುಕೊಂಡಿರುತ್ತದೆ. ಒಡವೆ ಅಡವಿಟ್ಟ ಮನೆಯ ಹಾಗೆ: ಒಡವೆ ಕಳೆದುಹೋಗಿಲ್ಲ, ಬೇರೆಯವರ ಕೈಯಲ್ಲಿದೆ. ಅಲ್ಯೂಮಿನಿಯಂ ಎಲೆಕ್ಟ್ರಾನ್ ವಿಷಯದಲ್ಲಿ ಮಹಾ ಕೊಡುಗೈ, ಪರಮಾಣುವೊಂದಕ್ಕೆ ಮೂರರಂತೆ ಬಿಟ್ಟುಕೊಡುತ್ತದೆ. ಅದು ಬೆಳ್ಳಿಗೆ ತಾಗಿದ ಕೂಡಲೇ ಸಾಲ ತೀರಿಸಿ ಅಡವು ಬಿಡಿಸುತ್ತದೆ, ತಾನು ಬರಿಗೈಯಾಗುತ್ತದೆ. ಅಥವಾ ಹೀಗೆ ನೋಡಿ: ಗದ್ದೆಯ ನೀರು ಎತ್ತರದ ಮಡಿಯಿಂದ ತಗ್ಗಿನ ಮಡಿಗೆ ತಾನಾಗಿ ಇಳಿಯುತ್ತದೆ, ನಡುವಿನ ಬದುವಿನಲ್ಲಿ ಒಂದು ಕಂಡಿ ಕೊರೆದರೆ ಸಾಕು. ಎಲೆಕ್ಟ್ರಾನಿಗೆ ಅಲ್ಯೂಮಿನಿಯಂ ಎತ್ತರದ ಮಡಿ, ಕಪ್ಪಾದ ಬೆಳ್ಳಿ ತಗ್ಗಿನದು. ಎರಡೂ ಒಂದನ್ನೊಂದು ಮುಟ್ಟಿಕೊಂಡಿರುವ ಜಾಗವೇ ಆ ಕಂಡಿ. ಮುಟ್ಟದಿದ್ದರೆ ಏನೂ ಆಗದು. ಸೋಡಾ ನೀರಿನಲ್ಲಿ ಅದ್ದಿದೆ, ಹೊಳೆಯಲೇ ಇಲ್ಲ ಎಂದು ದೂರುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಸೋಡಾಕ್ಕೆ ಎರಡು ಕೆಲಸ: ಅಲ್ಯೂಮಿನಿಯಂ ಮೇಲೆ ಸದಾ ಇರುವ ಆಕ್ಸೈಡಿನ ತೆಳು ಚರ್ಮವನ್ನು ಸುಲಿಯುವುದು, ನೀರಿನಲ್ಲಿ ವಿದ್ಯುತ್ ಹರಿಯುವಂತೆ ಮಾಡುವುದು.

ದೊಡ್ಡಮ್ಮ ಕಾಲುಂಗುರ ತೆಗೆಯಲು ಒಪ್ಪಲಿಲ್ಲ. ಸವೆದು ಹೊಸದು ತಂದಾಗಲೂ ಹೊಸತನ್ನು ತೊಟ್ಟ ಮೇಲೆಯೇ ಹಳೆಯದನ್ನು ಕಳಚುವವರು ಅವರು. ಬೆರಳಲ್ಲಿ ಇದ್ದಂತೆಯೇ ಅದಕ್ಕೆ ಫಾಯಿಲ್ ಒತ್ತಿ ಸುತ್ತಿ, ಕಾಲು ತಡೆಯುವಷ್ಟೇ ಬಿಸಿಯಿರುವ ನೀರಿನ ಟಬ್ಬಿನಲ್ಲಿ ಇಡಿಸಿದೆ. ಕುದಿನೀರಾದರೆ ಬೇಗ ಆಗುತ್ತದೆ, ಇಲ್ಲಿ ಹೊತ್ತು ಹಿಡಿಯಿತು. ಸಣ್ಣ ಸಣ್ಣ ಗುಳ್ಳೆ ಎದ್ದವು. ದೊಡ್ಡಮ್ಮ ಮೂಗು ಮುಚ್ಚಿಕೊಂಡು "ಏನೋ ಇದು, ಮೊಟ್ಟೆ ಕೊಳೆತ ಹಾಗೆ" ಅಂದರು. ಗಂಧಕ ಹೊರಟ ವಾಸನೆ ಅದು. ಫಾಯಿಲ್ ಬಿಚ್ಚಿದಾಗ ಅದರ ಒಳಮೈ ಮಬ್ಬಾಗಿತ್ತು, ಕಾಲುಂಗುರದ ಮೀನಿನ ಕೆತ್ತನೆಯಲ್ಲಿ ಬ್ರಷ್ಷು ಎಂದೂ ತಲುಪದ ಗೀರುಗಳು ಬೆಳ್ಳಗಾಗಿದ್ದವು.

ಒಂದು ಲೋಹವನ್ನು ಬಲಿಕೊಟ್ಟು ಇನ್ನೊಂದನ್ನು ಉಳಿಸುವ ಈ ಬುದ್ಧಿಗೆ ಇನ್ನೂರು ವರ್ಷದ ಇತಿಹಾಸವಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಉಪ್ಪುನೀರಿಗೆ ಸವೆಯುತ್ತಿತ್ತು. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅದಕ್ಕೆ ಸತು, ಎರಕದ ಕಬ್ಬಿಣಗಳ ತುಂಡು ಜೋಡಿಸಿದ. ತಾಮ್ರ ಸವೆಯುವುದು ನಿಂತಿತು. ಆದರೆ ತಾಮ್ರ ಕರಗಿ ನೀರಿಗೆ ಸೇರುತ್ತಿದ್ದುದೇ ಹಡಗಿನ ತಳಕ್ಕೆ ಅಂಟುವ ಚಿಪ್ಪುಜೀವಿಗಳಿಗೆ ವಿಷವಾಗಿತ್ತು. ಅದು ನಿಂತದ್ದೇ ತಡ, ಚಿಪ್ಪು ಪಾಚಿಗಳು ಮೆತ್ತಿಕೊಂಡು ಹಡಗುಗಳು ನಿಧಾನವಾದವು. ನೌಕಾಪಡೆ ಯೋಜನೆ ಕೈಬಿಟ್ಟಿತು. ತತ್ವ ಮಾತ್ರ ಸರಿಯಿತ್ತು, ಇಂದಿನ ಉಕ್ಕಿನ ಹಡಗುಗಳಿಗೂ ಸತುವಿನ ಗಟ್ಟಿಗಳನ್ನು ಕಟ್ಟುತ್ತಾರೆ.

ಚಿನ್ನದ ಸ್ವಭಾವವೇ ಬೇರೆ. ನೀರು, ಗಾಳಿ, ಬೆವರು, ಯಾವುದಕ್ಕೂ ಅದು ಜಗ್ಗದು. ಕೋಲಾರದ ಗಣಿಯಲ್ಲಿ ಪುಡಿಗಲ್ಲಿನೊಳಗಿನ ಚಿನ್ನವನ್ನು ಕರಗಿಸಿ ತೆಗೆಯಲು ಸೈನೈಡೇ ಬೇಕಾಯಿತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಹಾಗೆ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ದಿಬ್ಬಗಳು ಅಲ್ಲಿ ನಿಂತಿವೆ. ಆದರೆ 916 ಎಂದರೆ ಸಾವಿರಕ್ಕೆ 916 ಭಾಗ ಮಾತ್ರ ಚಿನ್ನ. ಉಳಿದ ತಾಮ್ರ, ಬೆಳ್ಳಿಗಳು ಜಗ್ಗುತ್ತವೆ. ಈಗ ಬೆಂಗಳೂರಿನಲ್ಲೂ ಕೊಂಡಿಯಿಲ್ಲದ ಸರವನ್ನು ಮಣಿಕಟ್ಟಿನ ಮೇಲೇ ಬೆಸೆದುಕೊಡುತ್ತಾರೆ. ಅದು 14 ಕ್ಯಾರೆಟ್ಟಿನದಾದರೆ ಶೇಕಡಾ 40ಕ್ಕೂ ಹೆಚ್ಚು ಬೇರೆ ಲೋಹ. ಅದನ್ನು ತೊಟ್ಟು ಈಜುಕೊಳದ ಕ್ಲೋರಿನ್‌ಗೆ ದಿನಾ ಇಳಿಯುವುದು ಬೇಡ.

ತಾಳಿಯ ಬಟ್ಟಲಿನೊಳಗೆ ಕೂರುವ ಬಿಳಿ ಮೆತ್ತೆ ಚಿನ್ನದ ದೋಷವಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿ ಆದ ಜಿಡ್ಡು. ಅಂಟುವಾಳದ ನೊರೆ ಗಡಸು ನೀರಿನಲ್ಲಿ ಹೀಗೆ ಗಟ್ಟಿಯಾಗುವುದಿಲ್ಲ, ಅಜ್ಜಿಯಂದಿರ ಆ ಆಯ್ಕೆ ಇವತ್ತಿಗೂ ಒಳ್ಳೆಯದೇ. ಅಂಟುವಾಳ ನೆನೆಸಿದ ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್ಷು ಸಾಕು. ಕುದಿನೀರಿಗೆ ಹಾಕಬೇಡಿ: ಪೊಳ್ಳು ಗುಂಡುಗಳೊಳಗೆ ಅರಗು ತುಂಬಿರುತ್ತದೆ, ಬಿಸಿಗೆ ಅದು ಮೆತ್ತಗಾಗುತ್ತದೆ. ಹುಣಸೆ, ನಿಂಬೆಯೂ ಬೇಡ: ತಾಳಿಯ ಹವಳ, ಮುತ್ತು ಎರಡೂ ಸುಣ್ಣದ ಜಾತಿಯವು, ಹುಳಿಗೆ ಸವೆಯುತ್ತವೆ. ಇವು ಪೋಣಿಸಿದ ಒಡವೆಗೆ ಫಾಯಿಲ್ ಉಪಾಯವೂ ಸಲ್ಲ.

ಒಡವೆಯ ಅಡಿಯ ಚರ್ಮವನ್ನು ಎಲ್ಲರೂ ಮರೆಯುತ್ತಾರೆ. ಮಳೆಗಾಲದಲ್ಲಿ ಕೆಸರು ಹುಣ್ಣು ಶುರುವಾಗುವುದು ಬೆರಳ ಸಂದಿಯಲ್ಲಿ, ಕಾಲುಂಗುರ ಅಲ್ಲಿ ತೇವ ಹಿಡಿದಿಡುತ್ತದೆ. ಸ್ನಾನವಾದ ಮೇಲೆ ಅದನ್ನು ಒಂದು ಸುತ್ತು ತಿರುಗಿಸಿ, ಹಳೇ ಹತ್ತಿಬಟ್ಟೆಯ ಅಂಚನ್ನು ಅಡಿಯಿಂದ ಎಳೆದು ಒರೆಸಿ. ಬಸಿರಿನಲ್ಲಿ ಕಾಲು ಊದಿ ಕಾಲುಂಗುರ ಬಿಗಿಯುತ್ತಿದ್ದರೆ, ಬೆರಳು ನೀಲಿಗಟ್ಟುವ ತನಕ ಕಾಯದೆ ಕತ್ತರಿಸಿ ತೆಗೆಸಿ. ಕತ್ತರಿಸಿದ್ದನ್ನು ಅಕ್ಕಸಾಲಿಗರು ಮತ್ತೆ ಬೆಸೆದುಕೊಡುತ್ತಾರೆ.