ಒಣಗಿದ್ದೆಲ್ಲ ಸತ್ತಿಲ್ಲ

ಮೇ ತಿಂಗಳಲ್ಲಿ ಮಂಗಳೂರಿನ ಯಾವುದಾದರೂ ಹಳೇ ಕಾಂಪೌಂಡ್ ಗೋಡೆ ನೋಡಿ. ಮುರಕಲ್ಲಿನ ಮೇಲೆ ಪಾಚಿ ಕಪ್ಪಗೆ ಒಣಗಿ ಅಂಟಿಕೊಂಡಿರುತ್ತದೆ. ಕೆರೆ ನೀರಿನ ಪಾಚಿ ಅಲ್ಲ, ಗೋಡೆ ಮೇಲೆ ಮೆತ್ತಗೆ ಹಾಸಿಕೊಳ್ಳುವ ಪುಟ್ಟ ಪುಟ್ಟ ಎಲೆಗಳದ್ದು. ಉಗುರಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಸಂಜೆ ಗುಡುಗಿ ಒಂದು ಜೋರು ಮಳೆ ಬಂತು ಅಂದರೆ ಮರುದಿನ ಬೆಳಿಗ್ಗೆ ಅದೇ ಗೋಡೆ ಹಸಿರು. ಅಷ್ಟು ಬೇಗ ಹೊಸದಾಗಿ ಏನೂ ಹುಟ್ಟುವುದಿಲ್ಲ ಅಲ್ವಾ? ಪುಡಿಯಾಗುತ್ತಿದ್ದ ಆ ಹಳೇ ಎಲೆಗಳೇ ನೀರು ಹೀರಿ ಬಿಚ್ಚಿಕೊಂಡಿವೆ. ಕೆಲವು ಜಾತಿಯ ಪಾಚಿಗಳು ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಕೆಲಸವನ್ನೂ ಶುರು ಮಾಡುತ್ತವೆ.

ಜೀವ ಹೋಗಿ ಬಂತಾ, ಅಥವಾ ಹೋಗಿಯೇ ಇರಲಿಲ್ಲವಾ? ಈ ಪ್ರಶ್ನೆಗೆ ಮುನ್ನೂರು ವರ್ಷ ದಾಟಿದೆ.

1702ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ತನ್ನ ಮನೆಯ ಸೂರಿನ ಸೀಸದ ದಂಬೆಯಲ್ಲಿ ಒಣಗಿ ಕೂತಿದ್ದ ಕೆಸರನ್ನು ಕೆರೆದು ತೆಗೆದ. ಅದನ್ನು ಗಾಜಿನ ಕೊಳವೆಗೆ ಹಾಕಿ, ಕುದಿಸಿ ಆರಿಸಿದ ನೀರು ಸುರಿದು, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದ. ಒಂದು ಗಂಟೆಯೊಳಗೆ ಸಣ್ಣ ಜೀವಿಗಳು ಮೈ ಬಿಚ್ಚಿ ಈಜಾಡತೊಡಗಿದವು. ನಾವೀಗ ರೋಟಿಫರ್ ಅನ್ನುವುದು ಇವನ್ನೇ. ನೀರನ್ನು ಕುದಿಸಿದ್ದರಿಂದ ಅವು ನೀರಿನ ಜೊತೆ ಬಂದಿರಲು ಸಾಧ್ಯವಿರಲಿಲ್ಲ, ಒಣ ಧೂಳಿನಲ್ಲೇ ಇದ್ದವು. ಆಮೇಲೆ ನೂರೈವತ್ತು ವರ್ಷ ಯುರೋಪಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಕೊನೆಗೆ ಪ್ಯಾರಿಸಿನಲ್ಲಿ ಒಂದು ಸಮಿತಿ ಮಾಡಿ, ವೈದ್ಯ ಪಾಲ್ ಬ್ರೋಕಾ ಮುಂದಾಳತ್ವದಲ್ಲಿ ಇಂಥ ಜೀವಿಗಳನ್ನು ಸಾಧ್ಯವಾದಷ್ಟು ಒಣಗಿಸಿ, ಗಾಳಿ ತೆಗೆದ ಪಾತ್ರೆಯಲ್ಲಿಟ್ಟು, ನೂರು ಡಿಗ್ರಿವರೆಗೆ ಕಾಯಿಸಿಯೂ ನೋಡಿದರು. ನೀರು ಹಾಕಿದಾಗ ಕೆಲವು ಮತ್ತೆ ಓಡಾಡಿದವು. 1860ರಲ್ಲಿ ವರದಿ ಬಂತು. ಇತ್ತೀಚಿನ ಸುದ್ದಿ ಇನ್ನೂ ದೊಡ್ಡದು: ಸೈಬೀರಿಯಾದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸುಮಾರು 24,000 ವರ್ಷ ಇದ್ದ ರೋಟಿಫರ್ ಒಂದು ಎಚ್ಚರವಾಗಿ ಮರಿ ಕೂಡ ಮಾಡಿತು ಎಂದು ರಷ್ಯಾದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಅದು ಒಣಗಿದ್ದಲ್ಲ, ಹೆಪ್ಪುಗಟ್ಟಿದ್ದು. ಆದರೂ ಪ್ರಶ್ನೆ ಒಂದೇ.

ನೀರು ಹೋದರೆ ಸಾಯುವುದು ಯಾಕೆ ಅಂತ ಮೊದಲು ನೋಡಬೇಕು. ಜೀವಕೋಶದ ಪ್ರೋಟೀನ್‌ಗಳು ತಮ್ಮ ಮಡಿಕೆ, ಆಕಾರ ಉಳಿಸಿಕೊಂಡಿರುವುದು ಸುತ್ತಲಿನ ನೀರಿನಿಂದ. ನೀರು ಆರಿದರೆ ಅವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಕೋಶದ ಪೊರೆ ಬಿರುಕು ಬಿಡುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಒಳಗಿನದ್ದೆಲ್ಲ ಸೋರಿ ಹೋಗುತ್ತದೆಯೇ ಹೊರತು ಕೋಶ ಎದ್ದು ಕೂರುವುದಿಲ್ಲ. ಒಣಗಿಯೂ ಉಳಿಯುವ ಜೀವಿಗಳು ಈ ಜಾಗದಲ್ಲೇ ಜಾಣತನ ತೋರಿಸುತ್ತವೆ. ಒಣಗಲು ಶುರುವಾಗುತ್ತಲೇ ಕೋಶದೊಳಗೆ ಸಕ್ಕರೆ ತುಂಬಿಕೊಳ್ಳುತ್ತವೆ. ಗಿಡಗಳಲ್ಲಿ ಹೆಚ್ಚಾಗಿ ನಮ್ಮ ಅಡುಗೆಮನೆಯ ಸಕ್ಕರೆಯೇ, ಸುಕ್ರೋಸ್. ಈಸ್ಟ್‌ನಲ್ಲಿ ಟ್ರೆಹಲೋಸ್ ಅನ್ನುವ ಇನ್ನೊಂದು ಸಕ್ಕರೆ. ನೀರು ಇನ್ನಷ್ಟು ಕಡಿಮೆಯಾದಂತೆ ಈ ಸಕ್ಕರೆ ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಚಿಕ್ಕಿಯ ಬೆಲ್ಲದ ಪಾಕದಲ್ಲಿ ಕಡಲೆಬೀಜ ಸಿಕ್ಕಿಕೊಂಡ ಹಾಗೆ ಪ್ರೋಟೀನ್‌ಗಳು ಇದ್ದಲ್ಲೇ ನಿಲ್ಲುತ್ತವೆ. ಅಲುಗಾಡಲು ಜಾಗ ಇಲ್ಲ, ಅಂಟಿಕೊಂಡು ಮುದ್ದೆಯಾಗುವ ಪ್ರಶ್ನೆಯೂ ಇಲ್ಲ. ನೀರು ಬಂದಾಗ ಪಾಕ ಕರಗುತ್ತದೆ, ಎಲ್ಲ ನಿಂತಲ್ಲಿಂದ ಮುಂದುವರಿಯುತ್ತದೆ.

ಆದರೆ ಎಲ್ಲರದ್ದೂ ಒಂದೇ ದಾರಿ ಅಲ್ಲ. ಲೇವನ್‌ಹುಕ್ ನೋಡಿದಂಥ ರೋಟಿಫರ್‌ಗಳಲ್ಲಿ ಹುಡುಕಿದರೂ ಟ್ರೆಹಲೋಸ್ ಸಿಗಲಿಲ್ಲ. ಪಾಚಿಯಲ್ಲೇ ವಾಸಿಸುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ, ಎಂಟು ಕಾಲಿನ ಟಾರ್ಡಿಗ್ರೇಡ್ ಎಂಬ ಪ್ರಾಣಿ ಸಕ್ಕರೆಗಿಂತ ಜಾಸ್ತಿ ತನ್ನದೇ ವಿಶೇಷ ಪ್ರೋಟೀನ್‌ಗಳನ್ನು ನಂಬಿದೆ ಎಂದು 2017ರಲ್ಲಿ ಗೊತ್ತಾಯಿತು. ಬೇರೆ ಬೇರೆ ವಂಶಗಳು ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಕಷ್ಟಕ್ಕೆ ಪರಿಹಾರ ಕಂಡುಕೊಂಡಿವೆ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದೇ.

ನಮ್ಮ ಅಡುಗೆಮನೆಗೂ ಇದು ಬಂದಿದೆ. ಮಂಗಳೂರಿನಲ್ಲಿ ಇಡ್ಲಿಯಂಥ ಸಾನ್ನಾಂಗೆ ಹಿಂದೆ ಕಳ್ಳು ಹಾಕಿ ಹಿಟ್ಟು ಹುಳಿ ಬರಿಸುತ್ತಿದ್ದರು, ಈಗ ಪ್ಯಾಕೆಟ್ ಈಸ್ಟ್ ಹಾಕುವವರು ತುಂಬ ಜನ. ಆ ಒಣ ಕಾಳುಗಳಲ್ಲಿ ಇರುವುದು ಜೀವಂತ ಕೋಶಗಳು, ಟ್ರೆಹಲೋಸ್ ಕಾವಲಿನಲ್ಲಿ ನಿಂತಂಥವು. ಉಗುರುಬೆಚ್ಚಗಿನ ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೆ ನೊರೆ ಬರುವುದು ಅವು ಎದ್ದಿದ್ದಕ್ಕೆ ಗುರುತು. ಮಕ್ಕಳಿಗೆ ಕೊಡುವ ದಡಾರ-ರುಬೆಲ್ಲಾ ಲಸಿಕೆಯೂ ಒಣಗಿಸಿದ ಪುಡಿಯಾಗಿಯೇ ಬರುತ್ತದೆ. ಪುಡಿಯಾಗಿದ್ದಾಗ ತಣ್ಣಗಿಟ್ಟರೆ ಬಹಳ ಕಾಲ ಕೆಡುವುದಿಲ್ಲ. ದ್ರಾವಣದಲ್ಲಿ ಬೆರೆಸಿದ ಮೇಲೆ ಮಾತ್ರ ನಾಲ್ಕು ಗಂಟೆಯೊಳಗೆ ಕೊಟ್ಟು ಮುಗಿಸಬೇಕು, ಇಲ್ಲದಿದ್ದರೆ ಉಳಿದದ್ದನ್ನು ಎಸೆಯಬೇಕು.

ಸಂಜೀವಿನಿ ಅಂತ ಮುದುಡಿದ ಒಣ ಗಿಡ ಮಾರುವವರನ್ನು ನೀವು ನೋಡಿರಬಹುದು, ನೀರಲ್ಲಿಟ್ಟರೆ ಅರಳಿ ಹಸಿರಾಗುತ್ತದೆ. ಅದು ಹೆಚ್ಚಾಗಿ ಸೆಲಾಜಿನೆಲ್ಲಾ ಜಾತಿಯದು. ತಾನು ಒಣಗಿ ಉಳಿಯುವ ಶಕ್ತಿ ಅದಕ್ಕಿದೆ, ನಿಜ. ತಿಂದವರಿಗೆ ಆ ಶಕ್ತಿ ದಾಟುವುದಿಲ್ಲ. ಅದನ್ನು ಗುಡ್ಡದಿಂದ ಕಿತ್ತು ತರುವುದು ದಯವಿಟ್ಟು ಬೇಡ.

ಪಶ್ಚಿಮ ಘಟ್ಟದಲ್ಲಿ ಹೀಗೆ ಒಣಗಿ ಏಳುವ 62 ಜಾತಿಯ ಗಿಡಗಳನ್ನು ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯವರು ಪಟ್ಟಿ ಮಾಡಿದ್ದಾರೆ. ಅದಕ್ಕೂ ಮುಂಚೆ ಗೊತ್ತಿದ್ದದ್ದು ಬೆರಳೆಣಿಕೆಯಷ್ಟು. ಇಂಥ ಗಿಡಗಳಿಗೆ ಬರೀ ಬಂಡೆ, ಮುರಕಲ್ಲಿನ ಹಾಸು ಅಂದರೆ ಇಷ್ಟ. ಇಂಥ ಹಾಸು ನಮ್ಮಲ್ಲೂ ಬೇಕಾದಷ್ಟಿದೆ, ನಾವು ಪದವು ಅನ್ನುತ್ತೇವೆ. ಏಪ್ರಿಲ್‌ನಲ್ಲಿ ಅಲ್ಲಿ ಕಾಲಿಟ್ಟರೆ ಸುಡುವ ಕಲ್ಲು, ಕಂದು ಬಣ್ಣಕ್ಕೆ ತಿರುಗಿದ ಹುಲ್ಲು, ಅಷ್ಟೇ. ಕಾಗದದಲ್ಲಿ ಅದಕ್ಕೆ ಬಂಜರು ಅಂತ ಹೆಸರು ಬೀಳುತ್ತದೆ, ಹಿಂದೆಯೇ ಜೆಸಿಬಿ ಬರುತ್ತದೆ. ಅದೇ ಜಾಗ ಆಗಸ್ಟ್‌ನಲ್ಲಿ ನೋಡಬೇಕು: ಕಲ್ಲಿನ ಗುಂಡಿಗಳಲ್ಲಿ ನೀರು, ನೀರಿನ ಅಂಚಲ್ಲಿ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾದ ನೀಲಿ ಹೂಗಳು, ರಾತ್ರಿಯಾದರೆ ಕಪ್ಪೆಗಳ ಗದ್ದಲ. ಮಣಿಪಾಲದ ಮುರಕಲ್ಲು ಜಾಗದಲ್ಲೇ 2016ರಲ್ಲಿ ವಿಜ್ಞಾನಕ್ಕೆ ಹೊಸದಾದ ಒಂದು ಪುಟಾಣಿ ಕಪ್ಪೆಯನ್ನು ಗುರುತಿಸಿ, ಮುರಕಲ್ಲಿನ ಇಂಗ್ಲಿಷ್ ಹೆಸರನ್ನೇ ಅದಕ್ಕಿಟ್ಟು ಮೈಕ್ರೋಹೈಲಾ ಲ್ಯಾಟರೈಟ್ ಎಂದು ಕರೆದರು. ಮೈ ಉದ್ದ ಎರಡು ಸೆಂಟಿಮೀಟರೂ ಇಲ್ಲ.

ಪದವಿನಲ್ಲಿ ಏನಿದೆ ಅಂತ ಸರ್ವೆ ಮಾಡುವವರು ಬೇಸಿಗೆಯಲ್ಲಿ ಒಮ್ಮೆ ಬಂದು ಹೋದರೆ ಸಾಲದು. ಜುಲೈನಿಂದ ಸೆಪ್ಟೆಂಬರ್ ಒಳಗೆ ಇನ್ನೊಮ್ಮೆ ಬರಬೇಕು, ಬೇಸಿಗೆಯ ಒಣ ಮಣ್ಣಿನ ಒಂದು ಹಿಡಿಯನ್ನೂ ಜೊತೆಗೆ ಒಯ್ದು ನೀರು ಹಾಕಿ ನೋಡಬೇಕು.