ಹ್ಯಾಕರ್ ಒಳಗಿದ್ದಾನೆ ಅಂತ ಗೊತ್ತಾದ ಮೇಲೂ ಯಾಕೆ ಸುಮ್ಮನಿರುತ್ತಾರೆ?

ಪ್ರಶ್ನೆ: ಕಂಪನಿಯ ನೆಟ್‌ವರ್ಕ್ ಒಳಗೆ ಹ್ಯಾಕರ್ ಸೇರಿಕೊಂಡಿದ್ದಾನೆ ಅಂತ ಸೆಕ್ಯೂರಿಟಿ ಟೀಮಿಗೆ ಗೊತ್ತಾಗಿರುತ್ತದೆ. ಆದರೂ ಕೆಲವು ಸಲ ವಾರಗಟ್ಟಲೆ ಅವನನ್ನು ಬಿಟ್ಟು ನೋಡುತ್ತಾ ಕೂರುತ್ತಾರಂತೆ. ಪಾಸ್‌ವರ್ಡ್ ಬದಲಿಸಿ ಆಗಲೇ ಆಚೆ ಹಾಕಬಾರದಾ?

ಉತ್ತರ: ಹಾಕಬಹುದು. ಆದರೆ ಮಾರನೇ ದಿನ ಅವನು ಇನ್ನೊಂದು ದಾರಿಯಲ್ಲಿ ವಾಪಸ್ ಬರುತ್ತಾನೆ. ಈ ಸಲ ನೀವು ನೋಡುತ್ತಿದ್ದೀರಿ ಅನ್ನೋದು ಅವನಿಗೆ ಗೊತ್ತಿರುತ್ತದೆ. ಹಾಗಾಗಿ ಅವನನ್ನು ಕಂಡುಹಿಡಿಯುವುದು ಮೊದಲಿಗಿಂತ ಕಷ್ಟ.

ಪಳಗಿದ ಹ್ಯಾಕರ್ ಒಳಗೆ ಕಾಲಿಟ್ಟ ಕೂಡಲೇ ಮತ್ತೆ ಬರಲು ನಾಲ್ಕಾರು ದಾರಿ ಮಾಡಿಕೊಳ್ಳುತ್ತಾನೆ. ಯಾರೂ ಗಮನಿಸದ ಹೆಸರಿನಲ್ಲಿ ಒಂದು ಅಡ್ಮಿನ್ ಅಕೌಂಟ್. ರಾತ್ರಿ ಹೊತ್ತು ತಾನಾಗಿ ಓಡುವ ಚಿಕ್ಕ ಪ್ರೋಗ್ರಾಂ. ಕೆಲಸ ಬಿಟ್ಟು ಹೋದವರು ಹೊರಗಿನಿಂದ ಕಂಪನಿಯ ನೆಟ್‌ವರ್ಕ್ ಸೇರಲು ಬಳಸುತ್ತಿದ್ದ ವಿಪಿಎನ್ ಪಾಸ್‌ವರ್ಡ್. ಮೂಲೆಯಲ್ಲಿ ಮರೆತು ಬಿಟ್ಟ ಹಳೇ ಟೆಸ್ಟ್ ಸರ್ವರ್. ಹೆಗ್ಗಣದ ಬಿಲ ಇದ್ದ ಹಾಗೆ, ಒಂದು ಬಾಯಿ ಮುಚ್ಚಿದರೆ ಅದು ಇನ್ನೊಂದು ಕಡೆಯಿಂದ ಬರುತ್ತದೆ. ಅದಕ್ಕೇ ಮೊದಲು ಬಾಯಿ ಎಷ್ಟಿವೆ ಅಂತ ಎಣಿಸಬೇಕು. ಸದ್ದಿಲ್ಲದೆ ನೋಡುತ್ತಾ ಕೂರುವುದು ಈ ಎಣಿಕೆಗಾಗಿ.

ಇದನ್ನು ವಿವರವಾಗಿ ದಾಖಲಿಸಿದ ಮೊದಲಿಗರಲ್ಲಿ ಒಬ್ಬರು ಸೆಕ್ಯೂರಿಟಿ ತಜ್ಞರಲ್ಲ, ಒಬ್ಬ ಖಗೋಳ ವಿಜ್ಞಾನಿ. 1986ರ ಆಗಸ್ಟ್ ತಿಂಗಳು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಲ್ಲಿ ಕಂಪ್ಯೂಟರ್ ಬಳಸಿದ ಹೊತ್ತಿಗೆ ತಕ್ಕಂತೆ ದುಡ್ಡು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಕ್ಲಿಫರ್ಡ್ ಸ್ಟೋಲ್ ಆಗತಾನೇ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದರು. ಹೊಸಬರಲ್ವಾ, ಈ ಚಿಲ್ಲರೆ ಕೆಲಸ ಅವರ ತಲೆಗೆ ಬಿತ್ತು. ಹುಡುಕಿದರೆ, ಬಿಲ್ ಕಳಿಸಲು ವಿಳಾಸವೇ ಇಲ್ಲದ ಒಂದು ಅಕೌಂಟ್ ಸಿಕ್ಕಿತು. ಅದರ ಹಿಂದೆ ಒಬ್ಬ ಕಳ್ಳ.

ಅವರು ಅಕೌಂಟ್ ಮುಚ್ಚಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಒಂದು ವಾರಾಂತ್ಯ ಆಫೀಸಿನಲ್ಲಿ ಯಾರೂ ಇಲ್ಲದ ಹೊತ್ತಲ್ಲಿ ಕೈಗೆ ಸಿಕ್ಕ ಪ್ರಿಂಟರ್‌ಗಳನ್ನೆಲ್ಲ ತಂದು, ಹೊರಗಿನಿಂದ ಬರುವ ಸುಮಾರು 50 ಲೈನ್‌ಗಳಿಗೆ ಜೋಡಿಸಿದರು. ಕಳ್ಳ ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಬರತೊಡಗಿತು. ಅವನು ಈ ಲ್ಯಾಬನ್ನು ಬರೀ ಮೆಟ್ಟಿಲು ಮಾಡಿಕೊಂಡು ಅಮೆರಿಕದ ಮಿಲಿಟರಿ ಕಂಪ್ಯೂಟರ್‌ಗಳ ಬಾಗಿಲು ತಟ್ಟುತ್ತಿದ್ದ. ನಿಜವಾಗಿ ಸೂಕ್ಷ್ಮವಾದ ಫೈಲಿಗೆ ಅವನು ಕೈ ಹಾಕಿದಾಗ ಸ್ಟೋಲ್ ಬೀಗದ ಕೈ ಗೊಂಚಲನ್ನು ಲೈನಿನ ತಂತಿಗೆ ತಾಗಿಸಿ ಲೈನ್ ಕೆಡಿಸುತ್ತಿದ್ದರು. ಆ ಕಡೆ ಇದ್ದವನಿಗೆ ಲೈನ್ ಸರಿ ಇಲ್ಲ ಅಂತ ಅನ್ನಿಸುತ್ತಿತ್ತೇ ಹೊರತು ಯಾರೋ ನೋಡುತ್ತಿದ್ದಾರೆ ಅಂತಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತ್ಯಂತ ಜಾಣತನದ ಕೆಲಸ ಇದೇ.

ಹಿಡಿಯುವುದು ಮಾತ್ರ ಸುಲಭವಿರಲಿಲ್ಲ. ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ ಹೋಯಿತು. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜ್ ಹಳೇ ಕಾಲದ್ದು. ಕರೆ ಎಲ್ಲಿಂದ ಅಂತ ತಿಳಿಯಬೇಕಾದರೆ ಒಬ್ಬರು ಎದ್ದು ಹೋಗಿ ಸ್ವಿಚ್‌ಗಳನ್ನು ಕಣ್ಣಾರೆ ನೋಡಬೇಕು. ಅಷ್ಟರಲ್ಲಿ ಕಳ್ಳ ಲೈನ್ ಬಿಟ್ಟಿರುತ್ತಿದ್ದ. ಅವನನ್ನು ಹೊತ್ತುಗಟ್ಟಲೆ ಕೂರಿಸಲು ಏನಾದರೂ ಬೇಕಿತ್ತು. ಸ್ಟೋಲ್ ಅವರ ಗೆಳತಿಗೆ ಉಪಾಯ ಹೊಳೆಯಿತು. ಕ್ಷಿಪಣಿ ರಕ್ಷಣಾ ಯೋಜನೆಯದ್ದು ಅನ್ನುವಂಥ ಸುಳ್ಳು ಕಡತಗಳನ್ನು ರಾಶಿ ಹಾಕಿಟ್ಟರು. ಅವನು ಆಸೆಯಿಂದ ಓದುತ್ತಾ ಕೂತ. ಎಕ್ಸ್‌ಚೇಂಜಿನವರಿಗೆ ಹುಡುಕಲು ಬೇಕಾದ ಹೊತ್ತು ಸಿಕ್ಕಿತು. ಅವನ ಹೆಸರು ಮಾರ್ಕುಸ್ ಹೆಸ್. ಕದ್ದದ್ದು ಸೋವಿಯತ್‌ನ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. 1990ರಲ್ಲಿ ಜರ್ಮನ್ ಕೋರ್ಟು ಅವನನ್ನು ತಪ್ಪಿತಸ್ಥ ಅಂತ ಹೇಳಿತು.

ಹಾಗೆ ಆಸಾಮಿ ಕೈಗೆ ಸಿಗುವುದು ಅಪರೂಪ. 2009ರ ಡಿಸೆಂಬರ್ ಮಧ್ಯದಲ್ಲಿ ಗೂಗಲ್‌ಗೆ ತನ್ನ ನೆಟ್‌ವರ್ಕ್ ಒಳಗೆ ಯಾರೋ ಇರುವುದು ಗೊತ್ತಾಯಿತು. ಅದನ್ನು ಎದುರಿಸಿದ ತಂಡದ ಮುಂದಾಳು ಹೆದರ್ ಆ್ಯಡ್ಕಿನ್ಸ್. ಚೀನಾದಲ್ಲಿದ್ದ ಒಬ್ಬ ಉದ್ಯೋಗಿ ಚಾಟ್ ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿದ್ದರಿಂದ ಬಾಗಿಲು ತೆರೆದಿತ್ತು ಅಂತ ಆಮೇಲೆ ವರದಿಯಾಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮೈಕ್ರೋಸಾಫ್ಟ್ ಇನ್ನೂ ಸರಿಪಡಿಸದ ಒಂದು ದೋಷ ಇತ್ತು, ದಾಳಿಕೋರರು ಅದನ್ನು ಬಳಸಿದ್ದರು. 2010ರ ಜನವರಿ 12ರಂದು ಗೂಗಲ್ ಇದನ್ನು ಬಹಿರಂಗವಾಗಿ ಹೇಳಿತು. ಚೀನಾದಿಂದ ಬಂದ ದಾಳಿ, ಕಂಪನಿಯ ಸ್ವತ್ತು ಕಳುವಾಗಿದೆ, ಇನ್ನೂ ಕನಿಷ್ಠ 20 ದೊಡ್ಡ ಕಂಪನಿಗಳು ಗುರಿಯಾಗಿವೆ ಅಂತ. ಆ ಕಾಲಕ್ಕೆ ಹೀಗೆ ಒಪ್ಪಿಕೊಳ್ಳುವವರು ಕಡಿಮೆ.

ಕೋರ್ಟು, ಬಂಧನ ಯಾವುದೂ ಇಲ್ಲಿ ಆಗಲಿಲ್ಲ. ಆದರೆ ಒಂದು ಕ್ಲಿಕ್ಕಿನಿಂದ ಒಳಗೆ ಬಂದವನು ಎಲ್ಲೆಲ್ಲಿ ಓಡಾಡಬಹುದು ಅನ್ನೋದನ್ನು ಆ ತಂಡ ಕಣ್ಣಾರೆ ನೋಡಿತ್ತು. ಆಮೇಲೆ ಗೂಗಲ್ ತನ್ನ ಒಳಗಿನ ವ್ಯವಸ್ಥೆಯನ್ನೇ ಬದಲಿಸಿತು. ಆಫೀಸಿನ ಒಳಗೆ ಕೂತಿದ್ದಾರೆ ಅಂದ ಮಾತ್ರಕ್ಕೆ ಯಾರನ್ನೂ ನಂಬುವಂತಿಲ್ಲ, ಪ್ರತಿ ಸಲ ಯಾರು, ಯಾವ ಯಂತ್ರದಿಂದ ಅಂತ ಕೇಳಿಯೇ ಬಿಡಬೇಕು. ಇವತ್ತು ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವವರು ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಅಪ್ರೂವ್ ಒತ್ತಿ ಬೈದುಕೊಳ್ಳುತ್ತಾರಲ್ಲ, ಆ ಯೋಚನೆ ಎಲ್ಲೆಡೆ ಹರಡಲು ಈ ಘಟನೆಯೂ ಒಂದು ಕಾರಣ.

ಆ ಅಪ್ರೂವ್ ಸುಮ್ನೆ ಅಲ್ಲ. 2020ರ ನವೆಂಬರ್‌ನಲ್ಲಿ ಫೈರ್‌ಐ ಅನ್ನುವ ಸೆಕ್ಯೂರಿಟಿ ಕಂಪನಿಯಲ್ಲಿ ಒಬ್ಬ ಉದ್ಯೋಗಿಯ ಹೆಸರಿನಲ್ಲಿ ಈ ಅಪ್ರೂವ್ ಒತ್ತಲು ಎರಡನೇ ಫೋನ್ ನೋಂದಣಿಯಾಗಿತ್ತು. ಸೆಕ್ಯೂರಿಟಿಯವರು ಕರೆ ಮಾಡಿ ಕೇಳಿದರು, ಇದು ನಿಮ್ಮದಾ? ಅಲ್ಲ ಅಂದರು. ಅಲ್ಲಿಂದ ಎಳೆ ಹಿಡಿದು ಹೋದಾಗ, ತಾವೂ ಬಳಸುತ್ತಿದ್ದ ಸೋಲಾರ್‌ವಿಂಡ್ಸ್ ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲೇ ವಿಷ ಬೆರೆಸಿದ್ದು ಸಿಕ್ಕಿತು. ಅದನ್ನು ಸುಮಾರು 18,000 ಗ್ರಾಹಕರು ಹಾಕಿಕೊಂಡಿದ್ದರು. ಒಳಗೆ ಹೋದ ಮೇಲೆ ಎರಡು ವಾರದವರೆಗೆ ಏನೂ ಮಾಡದೆ ಮಲಗಿರುವಂತೆ ಅದನ್ನು ಬರೆದಿದ್ದರು. ಆ ಎರಡನೇ ಫೋನನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿ ಅಷ್ಟಕ್ಕೇ ಬಿಟ್ಟಿದ್ದರೆ? ಅಮೆರಿಕದ ಸರ್ಕಾರಿ ಇಲಾಖೆಗಳಿಗೂ ತಾವು ಒಳಗಿನಿಂದ ಕೊರೆದುಹೋಗಿರುವುದು ಇನ್ನಷ್ಟು ತಡವಾಗಿ ತಿಳಿಯುತ್ತಿತ್ತು.

ಇಷ್ಟು ಓದಿ, ಕಾಯುವುದೇ ಸರಿ ಅಂತ ತೀರ್ಮಾನಿಸಬೇಡಿ. ಕಾದಿದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. 2016ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಗೆ ರಷ್ಯಾದ ಹ್ಯಾಕರ್‌ಗಳು ನುಗ್ಗಿದ್ದರು. ಮೇ ತಿಂಗಳಲ್ಲಿ ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯೂರಿಟಿ ಕಂಪನಿಯನ್ನು ಕರೆಸಿದರು. ಅವರು ತಯಾರಿ ಮಾಡಿಕೊಂಡು ಜೂನ್ 10ರಿಂದ 12ರ ವಾರಾಂತ್ಯದಲ್ಲಿ, ಎಲ್ಲರ ಲ್ಯಾಪ್‌ಟಾಪ್ ತೆಗೆದಿಟ್ಟುಕೊಂಡು, ಒಂದೇ ಏಟಿಗೆ ಎಲ್ಲ ಸ್ವಚ್ಛ ಮಾಡಿದರು. ಪುಸ್ತಕದಲ್ಲಿ ಹೇಳುವ ಹಾಗೇ ಮಾಡಿದ ಕೆಲಸ. ಆದರೆ ಅಮೆರಿಕ ಸರ್ಕಾರ 2018ರಲ್ಲಿ ಹಾಕಿದ ಆರೋಪಪಟ್ಟಿ ನೋಡಿ. ಸಾವಿರಾರು ಇಮೇಲ್ ಕದ್ದದ್ದು ಸುಮಾರು ಮೇ 25ರಿಂದ ಜೂನ್ 1ರ ನಡುವೆ, ಅಂದರೆ ಆ ತಯಾರಿಯ ದಿನಗಳಲ್ಲೇ. ಸಾಲದ್ದಕ್ಕೆ, ಲಿನಕ್ಸ್‌ಗಾಗಿ ಬರೆದ ಹ್ಯಾಕರ್‌ಗಳ ಇನ್ನೊಂದು ಪ್ರೋಗ್ರಾಂ ಅಕ್ಟೋಬರ್‌ವರೆಗೂ ಒಳಗೇ ಉಳಿದಿತ್ತು. ಕಾದೂ ಎಣಿಕೆ ತಪ್ಪಿತ್ತು.

ಹಾಗಾದರೆ ಯಾವಾಗ ಕಾಯಬೇಕು, ಯಾವಾಗ ತಕ್ಷಣ ಕತ್ತರಿಸಬೇಕು? ನಾನು ನೋಡುವುದು ಒಂದೇ. ಮುಂದಿನ ಒಂದು ಗಂಟೆಯಲ್ಲಿ ಅವನು ಮಾಡಬಹುದಾದ ಹಾನಿ ಎಷ್ಟು? ಗೂಢಚಾರ ನಿಧಾನವಾಗಿ ಓದುತ್ತಿದ್ದರೆ ನೋಡಲು ಹೊತ್ತಿದೆ. ಇಮೇಲ್, ಗ್ರಾಹಕರ ಮಾಹಿತಿ ರಾಶಿಗಟ್ಟಲೆ ಆಚೆ ಹೋಗುತ್ತಿದ್ದರೆ ಹೊತ್ತಿಲ್ಲ. ಫೈಲುಗಳನ್ನು ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಆದರೆ ಯೋಚಿಸುತ್ತಾ ಕೂರುವ ಪ್ರಶ್ನೆಯೇ ಇಲ್ಲ. 2021ರ ಮೇ 7ರ ಬೆಳಗಿನ ಜಾವ ಇಂಧನ ಸಾಗಿಸುವ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಪರದೆಯ ಮೇಲೆ ಸುಲಿಗೆಯ ಚೀಟಿ ಕಂಡಿತು. ಒಂದು ಗಂಟೆ ಚಿಲ್ಲರೆ ಹೊತ್ತಿನಲ್ಲಿ ಇಡೀ ಪೈಪ್‌ಲೈನನ್ನೇ ನಿಲ್ಲಿಸಿಬಿಟ್ಟರು. ಅಂದ ಹಾಗೆ ಕಳ್ಳರು ಬಂದಿದ್ದು ಯಾರೂ ಬಳಸದ ಹಳೇ ವಿಪಿಎನ್ ಅಕೌಂಟಿನಿಂದ. ಅದಕ್ಕೆ ಫೋನಿನ ಅಪ್ರೂವ್ ಇರಲಿಲ್ಲ.

ಕಾಯುವ ತೀರ್ಮಾನವಾದರೆ, ಆ ತಂಡ ಹೊರಗೆ ಏನೂ ಕಾಣದ ಹಾಗೆ ನಡೆದುಕೊಳ್ಳಬೇಕು. ಕಂಪನಿಯ ಇಮೇಲ್, ಚಾಟ್‌ನಲ್ಲಿ ಈ ವಿಷಯ ಮಾತಾಡುವಂತಿಲ್ಲ. ಅವನೂ ಓದುತ್ತಿರಬಹುದು. ಬೇರೆ ಫೋನ್, ಬೇರೆ ಅಕೌಂಟ್ ಬೇಕು. ಅವನ ಪ್ರೋಗ್ರಾಂ ಸಿಕ್ಕಿತು ಅಂತ ಅದನ್ನು ಇಂಟರ್ನೆಟ್‌ನ ಸಾರ್ವಜನಿಕ ವೈರಸ್ ತಪಾಸಣೆ ತಾಣಕ್ಕೆ ಹಾಕುವಂತಿಲ್ಲ, ಅವನು ಅಲ್ಲೂ ಕಣ್ಣಿಟ್ಟಿರುತ್ತಾನೆ. ಅವನ ಸರ್ವರ್ ಇದೆಯಾ ಅಂತ ಸಂದೇಶ ಕಳಿಸಿ (ಪಿಂಗ್ ಮಾಡಿ) ಇಣುಕುವುದೂ ಬೇಡ.

ನಮ್ಮಲ್ಲಿ ಇದಕ್ಕೆ ಗಡಿಯಾರ ಕಟ್ಟಿದ್ದಾರೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಯಂತ್ರಗಳು ತಮ್ಮೊಳಗೆ ನಡೆದದ್ದನ್ನು ಹೊತ್ತಿನ ಸಮೇತ ಬರೆದಿಡುವ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಎಲ್ಲ ಯಂತ್ರಗಳ ಗಡಿಯಾರ ಸರ್ಕಾರಿ ಸಮಯಕ್ಕೆ ಹೊಂದಿಕೊಂಡಿರಬೇಕು ಅನ್ನುವ ನಿಯಮವೂ ಅದರಲ್ಲಿದೆ. ಅನೇಕರು ಇದನ್ನು ನೋಡಿ ನಗುತ್ತಾರೆ. ಆದರೆ ಹತ್ತು ಸರ್ವರ್‌ಗಳ ಲಾಗ್ ಪಕ್ಕ ಪಕ್ಕ ಇಟ್ಟು ಅವನು ಎಲ್ಲಿಂದ ಎಲ್ಲಿಗೆ ಹೋದ ಅಂತ ನೋಡುವಾಗ, ಒಂದು ಗಡಿಯಾರ ಐದು ನಿಮಿಷ ಹಿಂದಿದ್ದರೂ ಜಾಡು ತಲೆಕೆಳಗಾಗುತ್ತದೆ. ಸರ್ಟ್-ಇನ್‌ಗೆ ತಿಳಿಸುವುದರಿಂದ ಹ್ಯಾಕರ್‌ಗೆ ಸುಳಿವು ಹೋಗುವುದಿಲ್ಲ, ಹಾಗಾಗಿ ಕಾಯುತ್ತಿದ್ದೇವೆ ಅನ್ನೋದು ತಡ ಮಾಡಲು ನೆಪವಲ್ಲ.

ಇನ್ನೊಂದು ಮಾತು. ಕಾಯುವ ಆಟ ರಾತ್ರಿ ಹಗಲು ಪಾಳಿಯಲ್ಲಿ ಕೂತು ನೋಡುವ ಜನ ಇದ್ದವರಿಗೆ. ಒಬ್ಬರೋ ಇಬ್ಬರೋ ಐಟಿ ಕೆಲಸ ನೋಡಿಕೊಳ್ಳುವ ಸಣ್ಣ ಕಂಪನಿಯವರು ಇದಕ್ಕೆ ಕೈ ಹಾಕಬೇಡಿ. ಸಂಶಯ ಬಂದ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಯಂತ್ರವನ್ನು ಮಾತ್ರ ಆಫ್ ಮಾಡಬೇಡಿ. ಮೆಮೊರಿಯಲ್ಲಿ ಉಳಿದಿರುವ ಸಾಕ್ಷ್ಯ ಕರೆಂಟ್ ಹೋದ ಕೂಡಲೇ ಅಳಿಸಿಹೋಗುತ್ತದೆ. ಆಮೇಲೆ ಈ ಕೆಲಸ ಗೊತ್ತಿರುವವರನ್ನು ಕರೆಸಿ.